ಬಸವನಹುಳುವಿನ ವಿಳಾಸ

ಪಶ್ಚಿಮ ಆಫ್ರಿಕಾದ ಸೆನೆಗಲ್ ನದಿಯ ನೀರು ಒಂದು ಕಾಲದಲ್ಲಿ ಋತುವಿಗೆ ತಕ್ಕಂತೆ ರುಚಿ ಬದಲಿಸುತ್ತಿತ್ತು. ಮಳೆಗಾಲದಲ್ಲಿ ಸಿಹಿನೀರು ತುಂಬಿ ಸಮುದ್ರಕ್ಕೆ ಹರಿಯುತ್ತಿತ್ತು. ಬೇಸಿಗೆ ಬಂತೆಂದರೆ ಅಟ್ಲಾಂಟಿಕ್ ಸಾಗರದ ಉಪ್ಪುನೀರು ಅಳಿವೆಯಿಂದ ಇನ್ನೂರು ಕಿಲೋಮೀಟರ್ ಒಳಗಿನವರೆಗೂ ಏರಿಬರುತ್ತಿತ್ತು. ವರ್ಷಕ್ಕೆ ಎರಡು ಬೆಳೆ ತೆಗೆಯಬೇಕೆಂದವರಿಗೆ ಈ ಉಪ್ಪು ದೊಡ್ಡ ತೊಡಕು. ಅದನ್ನು ತಡೆಯಲೆಂದೇ ಸೆನೆಗಲ್ ಮತ್ತು ಮಾರಿಟೇನಿಯಾ ದೇಶಗಳ ಗಡಿಯಲ್ಲಿ, ಅಳಿವೆಗೆ ಹತ್ತಿರದಲ್ಲಿ, 1986ರಲ್ಲಿ ಡಿಯಾಮಾ ಅಣೆಕಟ್ಟು ಎದ್ದಿತು. ಉಪ್ಪು ಅಲ್ಲೇ ನಿಂತಿತು. ಕಾಲುವೆಗಳಲ್ಲಿ ಹನ್ನೆರಡು ತಿಂಗಳೂ ಸಿಹಿನೀರು, ದಂಡೆಯುದ್ದಕ್ಕೂ ಭತ್ತ ಮತ್ತು ಕಬ್ಬು. ಸಕ್ಕರೆ ಕಾರ್ಖಾನೆಯಿರುವ ರಿಶಾರ್-ಟೋಲ್ ಪಟ್ಟಣಕ್ಕೆ ಕೂಲಿ ಹುಡುಕಿಕೊಂಡು ಜನ ಬರತೊಡಗಿದರು.

1988ರಲ್ಲಿ ಅದೇ ಪಟ್ಟಣದಲ್ಲಿ, ಪರಾವಲಂಬಿ ಹುಳುವಿನಿಂದ ಬರುವ ಕರುಳಿನ ಶಿಸ್ಟೊಸೋಮಿಯಾಸಿಸ್ ಕಾಣಿಸಿಕೊಂಡಿತು. ಆ ಭಾಗಕ್ಕೆ ಅದು ಹೊಸ ರೋಗ. ಕೆಲವೇ ವರ್ಷಗಳಲ್ಲಿ ಅಕ್ಕಪಕ್ಕದ ಹಳ್ಳಿಗಳಿಗೂ ಹಬ್ಬಿ, ಒಂದು ಹಳ್ಳಿಯಲ್ಲಂತೂ ಪರೀಕ್ಷಿಸಿದ ಹತ್ತು ಜನರಲ್ಲಿ ಒಂಬತ್ತು ಮಂದಿಯ ಹೊಟ್ಟೆಯಲ್ಲಿ ಹುಳುವಿತ್ತು. ಅಣೆಕಟ್ಟಿನ ಯೋಜನೆ ರೂಪಿಸಿದವರ ಕೈಯಲ್ಲಿ ನಕ್ಷೆಗಳಿರಲಿಲ್ಲವೆಂದಲ್ಲ. ನೀರಿನ ಮಟ್ಟದ ನಕ್ಷೆಯಿತ್ತು, ಜಮೀನಿನ ನಕ್ಷೆಯಿತ್ತು, ಕಾಲುವೆಯ ನಕ್ಷೆಯಿತ್ತು. ಬೇಕಾಗಿದ್ದದ್ದು ಇನ್ನೊಂದು ನಕ್ಷೆ: ಬೆರಳುಗುರಿನಷ್ಟು ದೊಡ್ಡದಾದ ಒಂದು ಬಸವನಹುಳು ಇನ್ನು ಮುಂದೆ ಎಲ್ಲಿ ವಾಸಮಾಡಬಹುದು ಎಂಬುದರ ನಕ್ಷೆ.

ಬಸವನಹುಳುವಿಗೂ ಈ ರೋಗಕ್ಕೂ ಇರುವ ನಂಟನ್ನು ಮೊದಲು ನೋಡಿಬಿಡೋಣ. 1851ರಲ್ಲಿ ಕೈರೋ ನಗರದ ಆಸ್ಪತ್ರೆಯಲ್ಲಿ ಶವಪರೀಕ್ಷೆ ಮಾಡುತ್ತಿದ್ದ ಜರ್ಮನ್ ವೈದ್ಯ ಥಿಯೋಡೋರ್ ಬಿಲ್ಹಾರ್ಜ್ ಕರುಳಿನ ರಕ್ತನಾಳಗಳೊಳಗೆ ಬಿಳಿಯ ಹುಳುಗಳನ್ನು ಕಂಡ. ಗಂಡು ಹುಳು ತನ್ನ ಮೈಯ ಮಡಿಕೆಯಲ್ಲಿ ತೆಳ್ಳನೆಯ ಹೆಣ್ಣನ್ನು ಹಿಡಿದಿಟ್ಟುಕೊಂಡು ವರ್ಷಗಟ್ಟಲೆ ಹಾಗೆಯೇ ಬದುಕುತ್ತದೆ. ಹೆಣ್ಣು ದಿನವೂ ಮೊಟ್ಟೆ ಇಡುತ್ತದೆ. ಕಾಯಿಲೆ ತರುವುದು ಹುಳುವಿಗಿಂತ ಹೆಚ್ಚಾಗಿ ಈ ಮೊಟ್ಟೆಗಳೇ. ಅರ್ಧದಷ್ಟು ದೇಹದಲ್ಲೇ ಸಿಕ್ಕಿಕೊಂಡು ಯಕೃತ್ತನ್ನೋ ಮೂತ್ರಕೋಶವನ್ನೋ ಹಾಳುಮಾಡುತ್ತವೆ, ಉಳಿದವು ಮಲ ಅಥವಾ ಮೂತ್ರದೊಂದಿಗೆ ಹೊರಬೀಳುತ್ತವೆ. ಈಜಿಪ್ಟಿನ ಮಮ್ಮಿಗಳಲ್ಲೂ ಸುಣ್ಣಗಟ್ಟಿದ ಇಂಥ ಮೊಟ್ಟೆಗಳಿದ್ದವೆಂದು ಮಾರ್ಕ್ ರಫರ್ 1910ರಲ್ಲಿ ತೋರಿಸಿದ್ದಾನೆ. ನೈಲ್ ಕಣಿವೆಗೆ ಇದು ಹೊಸ ನೆಂಟನೇನಲ್ಲ.

ಮೊಟ್ಟೆ ನೀರಿಗೆ ಬಿದ್ದರೆ ಒಡೆದು ಕಣ್ಣಿಗೆ ಕಾಣದ ಮರಿ ಈಜುತ್ತದೆ. ತನಗೆ ಬೇಕಾದ ಜಾತಿಯ ಬಸವನಹುಳು ಸಿಗದಿದ್ದರೆ ಒಂದು ದಿನದೊಳಗೆ ಅದರ ಕತೆ ಮುಗಿಯಿತು. ಸಿಕ್ಕಿತೋ, ಒಳಹೊಕ್ಕು, ಒಂದು ಮರಿ ಸಾವಿರಾರಾಗಿ, ಕೆಲವು ವಾರಗಳ ನಂತರ ಸೀಳುಬಾಲದ ಸರ್ಕೇರಿಯಾಗಳಾಗಿ ಹೊರಬರುತ್ತದೆ. ಇವು ಹೊರಬರುವುದು ಬಹುಮಟ್ಟಿಗೆ ನಡುಹಗಲಿನಲ್ಲಿ. ಬಟ್ಟೆ ಒಗೆಯಲು ಹೆಂಗಸರು ಮಂಡಿಯುದ್ದ ನೀರಿಗಿಳಿಯುವ, ಮಕ್ಕಳು ಧುಮುಕುವ ಹೊತ್ತು ಅದೇ. ಚರ್ಮಕ್ಕೆ ತಾಗಿದ ಸರ್ಕೇರಿಯಾ ನಿಮಿಷಗಳಲ್ಲಿ ಒಳಸೇರುತ್ತದೆ. ಗಾಯವೂ ಬೇಡ, ನೀರು ಕುಡಿಯಬೇಕಾಗಿಯೂ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2021ರಲ್ಲಿ 25 ಕೋಟಿಗೂ ಹೆಚ್ಚು ಜನರಿಗೆ ಈ ರೋಗದ ಔಷಧ ಕೊಡಬೇಕಾಗಿತ್ತು, ಅವರಲ್ಲಿ ಹೆಚ್ಚಿನವರು ಆಫ್ರಿಕಾದವರು. ಔಷಧವೇನೋ ಇದೆ. 1970ರ ದಶಕದಲ್ಲಿ ಬಂದ ಪ್ರಾಜಿಕ್ವಾಂಟೆಲ್ ಗುಳಿಗೆ ಹೊಟ್ಟೆಯೊಳಗಿನ ದೊಡ್ಡ ಹುಳುಗಳನ್ನು ಕೊಲ್ಲುತ್ತದೆ. ಆದರೆ ಗುಳಿಗೆ ನುಂಗಿದ ಹುಡುಗ ಮರುದಿನ ಅದೇ ಕಾಲುವೆಗೆ ಇಳಿದರೆ ಮತ್ತೆ ಹುಳು ಹೊತ್ತುಬರುತ್ತಾನೆ. ಲಸಿಕೆಯಂತೂ ಇನ್ನೂ ಬಂದಿಲ್ಲ.

ಹಾಗಾಗಿ ಎಲ್ಲಿ ಗುಳಿಗೆ ಹಂಚಬೇಕು, ಎಲ್ಲಿ ನೀರನ್ನೇ ಸರಿಪಡಿಸಬೇಕು ಎಂಬುದು ನಕ್ಷೆಯ ಪ್ರಶ್ನೆಯಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರಡಿಸಿದ ಮಾರ್ಗಸೂಚಿಯ ಪ್ರಕಾರ ನೂರಕ್ಕೆ ಹತ್ತು ಅಥವಾ ಹೆಚ್ಚು ಜನರಲ್ಲಿ ಸೋಂಕಿರುವ ಕಡೆ ಎರಡು ವರ್ಷ ದಾಟಿದ ಎಲ್ಲರಿಗೂ ವರ್ಷಕ್ಕೊಮ್ಮೆ ಔಷಧ ಕೊಡಬೇಕು. ಓದಲು ಸುಲಭ. ಆದರೆ ಈ ಹತ್ತನ್ನು ಎಣಿಸುವುದು ಜಿಲ್ಲೆಗೋ, ಹೋಬಳಿಗೋ, ಹಳ್ಳಿಗೋ? ಜಿಲ್ಲೆಯ ಸರಾಸರಿ ಶೇಕಡಾ ಆರು ಎಂದು ಬಂದರೆ ಕಾಲುವೆ ದಂಡೆಯ ಹಳ್ಳಿಯ ಶೇಕಡಾ ಐವತ್ತು ಅದರಲ್ಲಿ ಮುಳುಗಿಹೋಗುತ್ತದೆ. ನನ್ನನ್ನು ಕೇಳಿದರೆ, ಈ ರೋಗದ ಮಟ್ಟಿಗೆ ಅಷ್ಟಗಲದ ಸರಾಸರಿಯಷ್ಟು ಮೋಸದ ಅಂಕಿ ಬೇರೊಂದಿಲ್ಲ.

ಬಸವನಹುಳುವಿನ ನೆಲೆಯ ಈ ಹುಡುಕಾಟ ಶುರುವಾದದ್ದು ಉಪಗ್ರಹಗಳಿಂದಲೂ ಅಲ್ಲ, ಮನುಷ್ಯರ ಕಾಯಿಲೆಯಿಂದಲೂ ಅಲ್ಲ. ಬ್ರಿಟನ್ನಿನ ಆಂಗಲ್ಸಿ ದ್ವೀಪದಲ್ಲಿ ಕುರಿಗಳಿಗೆ ಯಕೃತ್ತಿನ ಚಪ್ಪಟೆಹುಳುವಿನ ಕಾಟ. ನಮ್ಮ ಪಶುವೈದ್ಯರು ಲಿವರ್ ಫ್ಲೂಕ್ ಎನ್ನುವ ಅದಕ್ಕೂ ಬಸವನಹುಳುವೇ ಮಧ್ಯವರ್ತಿ. ಒಲ್ಲೆರೆನ್‌ಶಾ ಮತ್ತು ರೋಲಂಡ್ಸ್ ಎಂಬಿಬ್ಬರು 1959ರಲ್ಲಿ ಒಂದು ಸರಳ ಲೆಕ್ಕ ಕೊಟ್ಟರು. ತಿಂಗಳ ಮಳೆ ಎಷ್ಟು, ಮಳೆ ಬಿದ್ದ ದಿನಗಳೆಷ್ಟು, ಆವಿಯಾಗಿ ಹೋಗಬಹುದಾದ ನೀರೆಷ್ಟು, ಈ ಮೂರನ್ನು ಸೂತ್ರಕ್ಕೆ ಹಾಕಿದರೆ ನೆಲ ಎಷ್ಟು ಒದ್ದೆಯಾಗಿದೆ ಎಂಬುದು ತಿಳಿಯುತ್ತದೆ. ಬೇಸಿಗೆಯ ತಿಂಗಳುಗಳ ಅಂಕಿಗಳನ್ನು ಕೂಡಿಸಿ ಚಳಿಗಾಲದಲ್ಲಿ ಎಷ್ಟು ಕುರಿ ಕಾಯಿಲೆ ಬೀಳಬಹುದೆಂದು ಅವರು ಮುಂಚೆಯೇ ಹೇಳುತ್ತಿದ್ದರು. ಬಸವನಹುಳುವನ್ನು ಅವರು ಎಣಿಸಲಿಲ್ಲ, ಅದಕ್ಕೆ ಬೇಕಾದ ತೇವವನ್ನು ಅಳೆದರು. ಮುಂದೆ ಉಪಗ್ರಹ ಹಿಡಿದು ಹೊರಟವರೆಲ್ಲ ಮಾಡಿದ್ದೂ ಮೂಲತಃ ಇದನ್ನೇ.

1972ರಲ್ಲಿ ಮೊದಲ ಲ್ಯಾಂಡ್‌ಸ್ಯಾಟ್ ಮೇಲೇರಿತು. ಅದರ ಚಿತ್ರಗಳನ್ನು ಹವಾಮಾನದ ಅಂಕಿಗಳ ಜೊತೆ ಸೇರಿಸಿ ಶಿಸ್ಟೊಸೋಮಿಯಾಸಿಸ್ ಇರಬಹುದಾದ ಪ್ರದೇಶಗಳನ್ನು ಊಹಿಸುವ ಮೊದಮೊದಲ ಪ್ರಯತ್ನ ಪ್ರಕಟವಾದದ್ದು 1984ರಲ್ಲಿ, ಅದೂ ಅಮೆರಿಕದ ಸೇನಾ ವೈದ್ಯಕೀಯ ಪತ್ರಿಕೆಯಲ್ಲಿ. ಸೇನೆಗೆ ಈ ಕಾಳಜಿ ಏಕೆ ಬಂತೆನ್ನುವುದಕ್ಕೆ ಕಾರಣವಿದೆ. 1944ರ ಕೊನೆಯಲ್ಲಿ ಫಿಲಿಪೀನ್ಸ್‌ನ ಲೇಟೆ ದ್ವೀಪಕ್ಕೆ ಇಳಿದ ಅಮೆರಿಕನ್ ಸೈನಿಕರಲ್ಲಿ ಸಾವಿರಕ್ಕೂ ಹೆಚ್ಚು ಮಂದಿ, ಸೇತುವೆ ಕಟ್ಟುತ್ತಲೋ ಹಳ್ಳ ದಾಟುತ್ತಲೋ, ಈ ಹುಳು ಹತ್ತಿಸಿಕೊಂಡಿದ್ದರು.

ಉಪಗ್ರಹಕ್ಕೆ ಬಸವನಹುಳು ಕಾಣುವುದಿಲ್ಲ. ಕಾಣುವುದು ಬೆಳಕು ಮತ್ತು ಶಾಖ ಮಾತ್ರ. ಹಸಿರೆಲೆ ಕೆಂಪು ಬೆಳಕನ್ನು ಹೀರಿಕೊಂಡು ಅವಕೆಂಪನ್ನು ಹಿಂದಕ್ಕೆ ಎಸೆಯುತ್ತದೆ. ನೀರು ಅವಕೆಂಪನ್ನು ನುಂಗಿ ಕಪ್ಪಾಗಿ ಕಾಣುತ್ತದೆ. ಈ ವ್ಯತ್ಯಾಸದಿಂದ ಎಲ್ಲಿ ಗಿಡ, ಎಲ್ಲಿ ನೀರು ಎಂದು ಬಿಡಿಸಬಹುದು. ಅಮೆರಿಕದ ಲೂಸಿಯಾನಾ ಸ್ಟೇಟ್ ವಿಶ್ವವಿದ್ಯಾಲಯದ ಜಾನ್ ಮೆಲೋನ್ 1990ರ ದಶಕದಲ್ಲಿ ನೈಲ್ ಮುಖಜಭೂಮಿಗಾಗಿ ಇನ್ನೊಂದು ಉಪಾಯ ಹೂಡಿದರು. ಒಣ ಮಣ್ಣು ಹಗಲು ಬೇಗ ಕಾದು ರಾತ್ರಿ ಬೇಗ ತಣಿಯುತ್ತದೆ, ಒದ್ದೆ ಮಣ್ಣು ಎರಡಕ್ಕೂ ನಿಧಾನ. ಹವಾಮಾನ ಉಪಗ್ರಹವೊಂದು ಒಂದೇ ಜಾಗದ ಮೇಲೆ ಹಗಲೂ ರಾತ್ರಿಯೂ ಹಾದುಹೋಗುವಾಗ ಅಳೆದ ಉಷ್ಣತೆಗಳನ್ನು ಒಂದರಿಂದೊಂದು ಕಳೆದರೆ ಸಾಕು, ವ್ಯತ್ಯಾಸ ಕಡಿಮೆಯಿರುವಲ್ಲಿ ನೆಲ ಒದ್ದೆ. ಆ ನಕ್ಷೆಯನ್ನು ರೋಗದ ಹಳೆಯ ಸಮೀಕ್ಷೆಗಳ ಮೇಲಿಟ್ಟಾಗ ಒದ್ದೆ ನೆಲವೂ ಹೆಚ್ಚಿನ ಸೋಂಕೂ ಜೊತೆಜೊತೆಗೆ ಬಿದ್ದವು. ಕಳೆಯುವ ಲೆಕ್ಕವೊಂದರಿಂದ ಇಷ್ಟು ಹೊರಟದ್ದು ನನಗೆ ಈಗಲೂ ಬೆರಗು.

ಚೀನಾದಲ್ಲಿ ಸಮಸ್ಯೆಯೇ ಬೇರೆ. ಅಲ್ಲಿನ ಬಸವನಹುಳು ಆಂಕೋಮೆಲಾನಿಯಾ ನೀರಲ್ಲೂ ನೆಲದಲ್ಲೂ ಬದುಕುವಂಥದ್ದು. ಪೂರ್ತಿ ನೀರಾದರೂ ಆಗದು, ಪೂರ್ತಿ ಒಣಗಿದರೂ ಆಗದು. ಯಾಂಗ್ಸಿ ನದಿಗೆ ಸೇರಿದ ಪೋಯಾಂಗ್ ಸರೋವರ ಬೇಸಿಗೆಯ ನೆರೆಯಲ್ಲಿ ಮೂರು ಸಾವಿರ ಚದರ ಕಿಲೋಮೀಟರ್ ದಾಟಿ ಹರಡಿ, ಚಳಿಗಾಲದಲ್ಲಿ ಸಾವಿರದ ಒಳಗೆ ಕುಗ್ಗುತ್ತದೆ. ಅದಕ್ಕೇ ಅಲ್ಲಿನ ತಂಡಗಳು ಒಂದೇ ಜಾಗದ ಎರಡು ಚಿತ್ರ ತೆಗೆದುಕೊಂಡವು, ಒಂದು ನೆರೆಯ ಕಾಲದ್ದು, ಇನ್ನೊಂದು ನೀರಿಳಿದ ಕಾಲದ್ದು. ಮೊದಲನೆಯದರಲ್ಲಿ ನೀರಾಗಿದ್ದು ಎರಡನೆಯದರಲ್ಲಿ ಹುಲ್ಲುಗಾವಲಾಗಿರುವ ಪಟ್ಟಿಯೇ ಬಸವನಹುಳುವಿನ ಮನೆ. ಆ ಹುಲ್ಲಿಗೆ ಎಮ್ಮೆ, ಕೋಣಗಳು ಮೇಯಲು ಬಂದು ಸಗಣಿ ಹಾಕುತ್ತವೆ, ಅದರಲ್ಲಿ ಮೊಟ್ಟೆಗಳು. ಇದನ್ನು ಮನಗಂಡ ಚೀನಾ ಕೆಲವು ಹಳ್ಳಿಗಳಲ್ಲಿ ಉಳುವ ಕೋಣಗಳಿಗೆ ಬದಲು ಟ್ರ್ಯಾಕ್ಟರ್ ಕೊಟ್ಟು, ಹುಲ್ಲುಗಾವಲಿಗೆ ದನ ಬಿಡುವುದನ್ನು ನಿಲ್ಲಿಸಿತು. ಅಲ್ಲಿ ಜನರ ಸೋಂಕೂ, ಬಸವನಹುಳುಗಳ ಸೋಂಕೂ ಇಳಿಯಿತು. ಬಸವನಹುಳುವಿನ ನೆಲೆಯ ಉತ್ತರದ ಗಡಿಯನ್ನು ಗೆರೆಯೆಳೆದು ತೋರಿಸಲು ಝೌ ಷಿಯಾವೊನೊಂಗ್ ಮತ್ತು ಸಂಗಡಿಗರು ಜನವರಿಯ ಸರಾಸರಿ ಉಷ್ಣತೆ ಸೊನ್ನೆ ಡಿಗ್ರಿ ಇರುವ ರೇಖೆಯನ್ನು ಹಿಡಿದರು. ಅದರಾಚೆಗಿನ ಚಳಿಯನ್ನು ಹುಳು ತಾಳದು. ಭೂಮಿ ಬಿಸಿಯಾದಂತೆ ಆ ರೇಖೆ ಉತ್ತರಕ್ಕೆ ಸರಿಯುತ್ತಿದೆ. ದಕ್ಷಿಣದ ನೀರನ್ನು ಉತ್ತರಕ್ಕೆ ಒಯ್ಯುವ ಭಾರಿ ಕಾಲುವೆಗಳು ಹುಳುವಿಗೂ ದಾರಿಯಾಗುತ್ತವೆಯೇ ಎಂಬ ಆತಂಕ ಹುಟ್ಟಿದ್ದು ಇಲ್ಲಿಂದ.

ಇಷ್ಟರವರೆಗಿನದೆಲ್ಲ ದೊಡ್ಡ ಕ್ಯಾನ್ವಾಸಿನ ಕೆಲಸ. ಅದಕ್ಕೊಂದು ಮಿತಿಯಿದೆ, ಆ ಮಿತಿಯ ಹೆಸರು ಪಿಕ್ಸೆಲ್. ಮೆಲೋನ್ ಬಳಸಿದ ಚಿತ್ರದಲ್ಲಿ ಒಂದು ಚುಕ್ಕಿಯೆಂದರೆ ನೆಲದ ಮೇಲೆ ಒಂದು ಕಿಲೋಮೀಟರಿಗೂ ತುಸು ಹೆಚ್ಚು. ಲ್ಯಾಂಡ್‌ಸ್ಯಾಟ್‌ನಲ್ಲಿ 30 ಮೀಟರ್. 2015ರಿಂದ ಬಂದ ಯುರೋಪಿನ ಸೆಂಟಿನೆಲ್-2 ಚಿತ್ರಗಳಲ್ಲಿ 10 ಮೀಟರ್. ರಂಗೋಲಿಯ ಚುಕ್ಕಿಗಳ ನಡುವೆ ಬಿದ್ದ ಎಳ್ಳುಕಾಳಿನಂತೆ ಊರ ಹೊಂಡ ಈ ಚುಕ್ಕಿಗಳ ನಡುವೆ ತಪ್ಪಿಸಿಕೊಳ್ಳುತ್ತದೆ. ಅದು ಎಷ್ಟು ದುಬಾರಿ ತಪ್ಪು ಎಂಬುದು ಕೆನ್ಯಾದ ಕರಾವಳಿಯ ಎಂಸಾಂಬ್ವೆನಿಯಲ್ಲಿ ಕಂಡಿತು. ಅಲ್ಲಿ ಮನೆಮನೆಯನ್ನೂ ನಕ್ಷೆಯಲ್ಲಿ ಗುರುತಿಸಿ, ಮಕ್ಕಳ ಮೂತ್ರದಲ್ಲಿರುವ ಮೊಟ್ಟೆಗಳ ಲೆಕ್ಕವನ್ನು ಆ ಮನೆಗಳ ಮೇಲಿಟ್ಟು, ಒಂದು ಮೀಟರ್ ಸೂಕ್ಷ್ಮದ ಇಕೊನೋಸ್ ಉಪಗ್ರಹದ ಚಿತ್ರದ ಜೊತೆ ನೋಡಿದರು. ಹೆಚ್ಚು ಸೋಂಕಿದ್ದ ಮನೆಗಳು ಎಲ್ಲೆಂದರಲ್ಲಿ ಚದುರಿರಲಿಲ್ಲ, ಸೋಂಕಿತ ಬಸವನಹುಳುಗಳಿದ್ದ ಹೊಂಡದ ಸುತ್ತ ಗುಂಪುಗೂಡಿದ್ದವು.

ಮತ್ತೆ ಸೆನೆಗಲ್‌ಗೆ ಬರೋಣ, ಏಕೆಂದರೆ ಈ ವಿಷಯದಲ್ಲಿ ನನಗೆ ಅತ್ಯಂತ ಕುತೂಹಲದ್ದೆನಿಸಿದ ಕೆಲಸ ನಡೆದದ್ದು ಅಲ್ಲೇ. ಚೆಲ್ಸಿಯಾ ವುಡ್, ಸುಸಾನ್ ಸೊಕೊಲೊ, ಜೂಲಿಯೊ ಡಿ ಲಿಯೊ ಮತ್ತು ಸೆನೆಗಲ್‌ನ ಸಂಗಾತಿಗಳು ನದಿ ಮತ್ತು ಕೆರೆ ದಂಡೆಯ ಹಳ್ಳಿಗಳಲ್ಲಿ ಎರಡು ವರ್ಷ ಬಸವನಹುಳು ಎಣಿಸಿದರು. ಅಲ್ಲಿ ದಂಡೆಯೆಂದರೆ ಆಳೆತ್ತರದ ಜೊಂಡು. ಅಣೆಕಟ್ಟು ಬಂದ ಮೇಲೆ ಉಪ್ಪಿನ ಹಂಗಿಲ್ಲದೆ ಗೋಡೆಯಂತೆ ಬೆಳೆದ ಜೊಂಡು. ಅದನ್ನು ಕಡಿದು ಊರವರು ನೀರಿಗೆ ಇಳಿಯಲು ಒಂದು ಕಿಂಡಿ ಮಾಡಿಕೊಂಡಿರುತ್ತಾರೆ. ಬಟ್ಟೆ, ಪಾತ್ರೆ, ಸ್ನಾನ, ದನಗಳಿಗೆ ನೀರು ಎಲ್ಲವೂ ಆ ಕಿಂಡಿಯಲ್ಲೇ. ಸಂಶೋಧಕರು ಎದೆಯವರೆಗೆ ರಬ್ಬರ್ ಉಡುಪು ತೊಟ್ಟು, ಉದ್ದ ಕೈಗವಸು ಹಾಕಿ ನೀರಿಗಿಳಿದು, ಚೌಕಟ್ಟೊಂದನ್ನು ಅಲ್ಲಲ್ಲಿ ಇಳಿಸಿ, ಅದರೊಳಗೆ ಸಿಕ್ಕ ಕಳೆಯನ್ನೆಲ್ಲ ಎಳೆದು ಹುಳುಗಳನ್ನು ಒಂದೊಂದಾಗಿ ಆರಿಸುತ್ತಿದ್ದರು. ಆಮೇಲೆ ಯಾವುದರಲ್ಲಿ ಪರಾವಲಂಬಿಯಿದೆ ಎಂಬ ಪರೀಕ್ಷೆ. ಆ ನೀರಿನಲ್ಲಿ ಮಾಡುವ ಕೆಲಸವೇ ಸೋಂಕಿಗೆ ಕೊಟ್ಟ ಆಹ್ವಾನ ಎಂಬುದನ್ನು ಬೇರೆ ಹೇಳಬೇಕಿಲ್ಲ.

ಇಷ್ಟು ಕಷ್ಟಪಟ್ಟು ಎಣಿಸಿದ ಅಂಕಿ ಆ ಊರಿನ ಮಕ್ಕಳಲ್ಲಿ ಎಷ್ಟು ಸೋಂಕಿದೆ ಎಂಬುದನ್ನು ಸರಿಯಾಗಿ ಹೇಳಲಿಲ್ಲ! ಬಸವನಹುಳುಗಳು ಒಂದೆಡೆ ಕೊಪ್ಪರಿಗೆಗಟ್ಟಲೆ, ನಾಲ್ಕು ಹೆಜ್ಜೆಯಾಚೆ ಒಂದೂ ಇಲ್ಲ. ಮುಂದಿನ ಸಲ ಬಂದಾಗ ಆ ಗುಂಪೇ ಮಾಯವಾಗಿ ಇನ್ನೆಲ್ಲೋ ಎದ್ದಿರುತ್ತದೆ. ಚೌಕಟ್ಟು ಎಲ್ಲಿ ಬಿತ್ತು ಎಂಬ ಅದೃಷ್ಟದ ಮೇಲೆ ಲೆಕ್ಕ ನಿಂತಿತ್ತು. ಆದರೆ ಆ ಕಿಂಡಿಯ ಸುತ್ತಲಿನ ನೀರು ಎಷ್ಟು ಅಗಲವಿದೆ, ಅದರಲ್ಲಿ ಹುಳುವಿಗೆ ಇಷ್ಟವಾದ ಕಳೆ ಎಷ್ಟು ಚದರ ಮೀಟರ್ ಹಬ್ಬಿದೆ ಎಂಬ ಅಳತೆ ಮಕ್ಕಳ ಸೋಂಕಿನ ಜೊತೆ ಚೆನ್ನಾಗಿ ಹೊಂದಿಕೊಂಡಿತು. ಆ ಕಳೆ ಹೆಚ್ಚಾಗಿ ಸೆರಟೋಫಿಲಮ್, ಬೇರೂರದೆ ನೀರೊಳಗೆ ನವಿರಾದ ಬಾಲಗಳಂತೆ ತೇಲುವಂಥದ್ದು. ಹುಳು ಬಂದುಹೋಗುತ್ತಿರುತ್ತದೆ, ಮನೆ ಅಲ್ಲೇ ಇರುತ್ತದೆ. 2019ರಲ್ಲಿ ಪ್ರಕಟವಾದ ಈ ಅಧ್ಯಯನದಲ್ಲಿ ಮನೆಯನ್ನು ಅಳೆಯಲು ಯಾರೂ ನೀರಿಗೆ ಇಳಿಯಬೇಕಾಗಿರಲಿಲ್ಲ. ಡ್ರೋನ್ ಮತ್ತು ಉಪಗ್ರಹದ ಚಿತ್ರಗಳೇ ಸಾಕಾದವು.

ಡ್ರೋನ್ ಇಲ್ಲಿ ಶೋಕಿಗಾಗಿ ಬಂದದ್ದಲ್ಲ. ನೀರು ಅವಕೆಂಪನ್ನು ನುಂಗುತ್ತದೆ ಎಂದೆನಲ್ಲ, ಆ ಗುಣವೇ ಇಲ್ಲಿ ಅಡ್ಡಿ. ನೀರಿನ ಮೇಲೆದ್ದ ಜೊಂಡು ಉಪಗ್ರಹಕ್ಕೆ ಹೊಳೆದು ಕಾಣುತ್ತದೆ, ಅಂಗೈಯಷ್ಟು ಆಳದಲ್ಲಿರುವ ಸೆರಟೋಫಿಲಮ್ ಮಬ್ಬು ಕಲೆಯಷ್ಟೇ. ನದಿ ರಾಡಿಯಾಗಿದ್ದರೆ ಅದೂ ಇಲ್ಲ. ಕೆಳಗೆ ಹಾರುವ ಡ್ರೋನಿನ ಚಿತ್ರದಲ್ಲಿ ಚುಕ್ಕಿಯೊಂದು ಕೆಲವೇ ಸೆಂಟಿಮೀಟರ್, ಮೋಡದ ಕಾಟವೂ ಇಲ್ಲ. ಹೀಗೆ ಡ್ರೋನಿನಿಂದ ಕಲೆಗಳ ಗುರುತು ಕಲಿತು, ಅದನ್ನು ಉಪಗ್ರಹದ ಚಿತ್ರದ ಮೇಲೆ ಪ್ರಯೋಗಿಸಿ ದೊಡ್ಡ ಪ್ರದೇಶಕ್ಕೆ ವಿಸ್ತರಿಸುವುದು ಈಗಿನ ರೂಢಿ.

ನಕ್ಷೆ ಕಳೆಯನ್ನು ತೋರಿಸಿದ ಮೇಲೆ ಮುಂದಿನ ಯೋಚನೆ ತಾನಾಗಿಯೇ ಬಂತು: ಕಳೆ ಕಿತ್ತರೆ? ಜೇಸನ್ ರೋರ್ ಮತ್ತು ಸಂಗಡಿಗರು 16 ಹಳ್ಳಿಗಳಲ್ಲಿ ಮೂರು ವರ್ಷ ಇದನ್ನು ಪರೀಕ್ಷಿಸಿ 2023ರಲ್ಲಿ ಫಲಿತಾಂಶ ಪ್ರಕಟಿಸಿದರು. ನೀರಿಗಿಳಿಯುವ ಕಿಂಡಿಗಳಿಂದ ಕಳೆ ತೆಗೆದ ಕಡೆ ಕರುಳಿನ ಶಿಸ್ಟೊಸೋಮಿಯಾಸಿಸ್ ಹರಡುವ ಬಸವನಹುಳು ಎಂಟುಪಟ್ಟು ಕಡಿಮೆಯಾಯಿತು, ಮಕ್ಕಳಿಗೆ ಆ ಸೋಂಕು ತಗಲುವುದೂ ತಗ್ಗಿತು. ಕಿತ್ತ ಕಳೆಯನ್ನು ಗೊಬ್ಬರ ಮಾಡಿ ಹೊಲಕ್ಕೆ ಹಾಕಿದರು, ದನಕುರಿಗಳಿಗೆ ಮೇವಾಗಿಯೂ ಕೊಟ್ಟರು. ಹೊಲಗಳಿಂದ ಕೊಚ್ಚಿಬಂದ ರಸಗೊಬ್ಬರ ತಿಂದೇ ಆ ಕಳೆ ಕೊಬ್ಬಿತ್ತು. ಹೋದದ್ದು ಹೊಲಕ್ಕೇ ವಾಪಸಾಯಿತು. ಸೊಕೊಲೊ ತಂಡ ಇದಕ್ಕೂ ಮೊದಲು, 2015ರಲ್ಲಿ, ಇನ್ನೊಂದು ದಾರಿ ತೋರಿಸಿತ್ತು. ಆ ನದಿಯ ಸಿಗಡಿ ಬಸವನಹುಳುಗಳನ್ನು ತಿನ್ನುತ್ತದೆ. ಅದರ ಮರಿಗಳು ಬೆಳೆಯಬೇಕಾದ್ದು ಅಳಿವೆಯ ಉಪ್ಪುಮಿಶ್ರಿತ ನೀರಿನಲ್ಲಿ. ಡಿಯಾಮಾ ಆ ಓಡಾಟವನ್ನೇ ತುಂಡರಿಸಿತ್ತು. ಒಂದು ಹಳ್ಳಿಯ ನೀರಿಗೆ ಸಿಗಡಿಗಳನ್ನು ಮತ್ತೆ ಬಿಟ್ಟಾಗ ಸೋಂಕಿತ ಬಸವನಹುಳುಗಳು ಕಡಿಮೆಯಾದವು.

ಹುಳುವಿನ ಮನೆ ಸಿಕ್ಕಿದಷ್ಟಕ್ಕೇ ರೋಗದ ನಕ್ಷೆ ಸಿದ್ಧವಾಗುವುದಿಲ್ಲ. ಜನ ಯಾವ ನೀರಿಗೆ ಇಳಿಯುತ್ತಾರೆ ಎಂಬುದೂ ಬೇಕು. ಹತ್ತಿರದ ನೀರಿಗೇ ಹೋಗುತ್ತಾರೆ ಎಂದು ಕಂಪ್ಯೂಟರ್ ಭಾವಿಸುತ್ತದೆ. ಆದರೆ ಬಟ್ಟೆ ಒಗೆಯಲು ಚೆನ್ನಾದ ಕಲ್ಲಿರುವ, ಗೆಳತಿಯರು ಸೇರುವ ದೂರದ ಕಟ್ಟೆಗೇ ಹೆಂಗಸರು ಹೋಗಬಹುದು. ಉಗಾಂಡಾದ ಆಲ್ಬರ್ಟ್ ಸರೋವರದ ದಂಡೆಯಲ್ಲಿ ತಾಯಂದಿರಿಗೆ ಪುಟ್ಟ ಜಿಪಿಎಸ್ ಉಪಕರಣ ತೊಡಿಸಿ ಅವರ ಓಡಾಟ ದಾಖಲಿಸಿದ್ದು ಇದಕ್ಕಾಗಿ. ಅದಕ್ಕೂ ಕೊರತೆಯಿದೆ. ನಾಲ್ಕೈದು ಮೀಟರ್ ಆಚೀಚೆ ತೋರಿಸುವ ಉಪಕರಣಕ್ಕೆ ದಡದ ಮೇಲೆ ನಿಂತವಳಿಗೂ ನೀರಲ್ಲಿ ನಿಂತವಳಿಗೂ ವ್ಯತ್ಯಾಸ ತಿಳಿಯದು.

ಇನ್ನು ಪರಾವಲಂಬಿಯೇ ಇಲ್ಲದ ಕಡೆ ಬಸವನಹುಳುವಿನ ನಕ್ಷೆ ಏನು ಹೇಳುತ್ತದೆ? ಫ್ರಾನ್ಸಿನ ಕಾರ್ಸಿಕಾ ದ್ವೀಪದ ಕಾವು ನದಿಯಲ್ಲಿ ಬುಲೈನಸ್ ಜಾತಿಯ ಬಸವನಹುಳು ಹಿಂದಿನಿಂದಲೂ ಇತ್ತು. ಅದರಿಂದ ಯಾರಿಗೂ ತೊಂದರೆಯಿರಲಿಲ್ಲ. 2013ರ ಬೇಸಿಗೆಯಲ್ಲಿ ಅಲ್ಲಿ ಈಜಿದ ಪ್ರವಾಸಿಗರೂ ಊರವರೂ ಸೇರಿ ನೂರಕ್ಕೂ ಹೆಚ್ಚು ಮಂದಿಗೆ ಮೂತ್ರದ ಶಿಸ್ಟೊಸೋಮಿಯಾಸಿಸ್ ಹತ್ತಿತ್ತೆಂದು ಆಮೇಲೆ ಗೊತ್ತಾಯಿತು. ಪರಾವಲಂಬಿಯ ಡಿಎನ್‌ಎ ಹೋಲುತ್ತಿದ್ದದ್ದು ಸೆನೆಗಲ್‌ನದನ್ನು. ಅದು ಶುದ್ಧ ಮನುಷ್ಯರ ಹುಳುವೂ ಆಗಿರಲಿಲ್ಲ, ದನಗಳ ಹುಳುವಿನೊಂದಿಗೆ ಬೆರಕೆಯಾದದ್ದಾಗಿತ್ತು.

ಭಾರತದಲ್ಲಿ ಮನುಷ್ಯರ ಶಿಸ್ಟೊಸೋಮಿಯಾಸಿಸ್ ನೆಲೆಯೂರಿಲ್ಲ. ಒಂದು ಅಪವಾದ ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ಗಿಮ್ವಿ ಗ್ರಾಮ. ಅಲ್ಲಿನ ಜನರಲ್ಲಿ ಮೂತ್ರದ ಬಗೆಯದು ಇರುವುದು 1952ರಲ್ಲಿ ವರದಿಯಾಯಿತು, ಫೆರಿಸಿಯಾ ಎಂಬ ಚಿಪ್ಪಿನಂಥ ಪುಟ್ಟ ಜೀವಿಯ ಮೇಲೆ ಬೆರಳು ತೋರಿಸಲಾಯಿತು. ದನಗಳ ಕತೆಯೇ ಬೇರೆ. ನಮ್ಮ ಕೆರೆಕಟ್ಟೆಗಳಲ್ಲಿ ಸಾಮಾನ್ಯವಾದ ಇಂಡೋಪ್ಲಾನಾರ್ಬಿಸ್ ಬಸವನಹುಳು ದನದ ಮೂಗಿನ ರಕ್ತನಾಳಗಳಲ್ಲಿ ನೆಲೆಸುವ ಶಿಸ್ಟೊಸೋಮವನ್ನು ಹರಡುತ್ತದೆ. ಉಸಿರಾಡುವಾಗ ಗೊರಗೊರ ಸದ್ದು ಬರುವ ಆ ಗೊರಕೆ ರೋಗವನ್ನು ಹಳ್ಳಿಯವರು ಬಲ್ಲರು. ಗದ್ದೆ ಬಯಲಲ್ಲಿ ಮೇದ ದನಗಳ ದವಡೆಯ ಕೆಳಗೆ ನೀರು ತುಂಬಿ ಬಾವು ಜೋಲಿದರೆ ಲಿವರ್ ಫ್ಲೂಕ್ ಇರಬಹುದೆಂಬ ಅನುಮಾನ ಪಶುವೈದ್ಯರಿಗೆ ಮೊದಲೇ ಬರುತ್ತದೆ.

ಬೆಂಗಳೂರಿನ ಯಲಹಂಕದಲ್ಲಿರುವ ರಾಷ್ಟ್ರೀಯ ಪಶುರೋಗ ಸಾಂಕ್ರಾಮಿಕಶಾಸ್ತ್ರ ಮತ್ತು ರೋಗ ಮಾಹಿತಿ ಸಂಸ್ಥೆ, ನಿವೇದಿ ಎಂದೇ ಪರಿಚಿತ, ಮಳೆ, ಉಷ್ಣತೆ, ಮಣ್ಣಿನ ತೇವ, ಉಪಗ್ರಹ ಕಂಡ ಹಸಿರು, ಜಾನುವಾರು ಸಂಖ್ಯೆ ಇವೆಲ್ಲವನ್ನೂ ಕಲೆಹಾಕಿ ದೇಶದ ಯಾವ ಜಿಲ್ಲೆಗೆ ಯಾವ ಪಶುರೋಗದ ಅಪಾಯವಿದೆ ಎಂದು ಎರಡು ತಿಂಗಳು ಮುಂಚೆ ತಿಳಿಸುತ್ತದೆ. ಆ ಪಟ್ಟಿಯಲ್ಲಿ ಲಿವರ್ ಫ್ಲೂಕ್ ಕೂಡ ಇದೆ. ಒಲ್ಲೆರೆನ್‌ಶಾ ಲೆಕ್ಕದ ಮೊಮ್ಮಗು ಎನ್ನಬಹುದಾದ ಈ ವ್ಯವಸ್ಥೆ ಉಪಯುಕ್ತವಾದದ್ದೇ. ಔಷಧ ದಾಸ್ತಾನು ಮಾಡಲು ಜಿಲ್ಲಾ ಕಚೇರಿಗೆ ಅದು ಸಾಕು. ಶಿವಮೊಗ್ಗ ಜಿಲ್ಲೆಯಿಡೀ ಕೆಂಪು ಬಣ್ಣ ಬಳಿದುಕೊಂಡರೆ ಹೊಸನಗರದ ಪಶುವೈದ್ಯರಿಗೆ ಮಾತ್ರ ಯಾವ ಗದ್ದೆ, ಯಾವ ಹಳ್ಳ ಎಂಬುದು ತಿಳಿಯದು.

ಸೆನೆಗಲ್‌ನ ಪಾಠ ಇಲ್ಲಿಗೂ ಸಲ್ಲುತ್ತದೆ. ಕೆರೆಯಂಚಿನ ಕಳೆಯನ್ನು ಡ್ರೋನಿನಿಂದ ಅಳೆಯುವುದು ಇಂದು ದೊಡ್ಡ ಖರ್ಚಿನ ಮಾತಲ್ಲ. ಕಷ್ಟವಿರುವುದು ಇನ್ನೊಂದು ಪದರದಲ್ಲಿ. ಕಾರ್ಸಿಕಾದ ಬೆರಕೆ ಹುಳುವಿನಂಥದ್ದು ಮತ್ತೆಲ್ಲಾದರೂ ತಲೆಯೆತ್ತಿದರೆ ಜನರ ಸೋಂಕಿನ ನಕ್ಷೆಯನ್ನೂ ದನದ ಸೋಂಕಿನ ನಕ್ಷೆಯನ್ನೂ ಒಂದರ ಮೇಲೊಂದು ಇಟ್ಟು ನೋಡಬೇಕಾಗುತ್ತದೆ. ಬಹುತೇಕ ದೇಶಗಳಲ್ಲಿ ಇವೆರಡು ಬೇರೆ ಬೇರೆ ಇಲಾಖೆಗಳ ಬೇರೆ ಬೇರೆ ಕಂಪ್ಯೂಟರುಗಳಲ್ಲಿವೆ, ಒಂದರ ಹಳ್ಳಿಯ ಗಡಿ ಇನ್ನೊಂದರ ಗಡಿಗೆ ಹೊಂದುವುದೂ ಇಲ್ಲ. ದನಗಳನ್ನು ನೀರಿಗೆ ಇಳಿಸುವ ದಾರಿ, ಮಕ್ಕಳು ಈಜುವ ಮೂಲೆ, ಬಟ್ಟೆ ಒಗೆಯುವ ಕಲ್ಲು ಇವನ್ನಂತೂ ಎರಡರಲ್ಲಿ ಯಾವುದೂ ಗುರುತು ಹಾಕಿಕೊಂಡಿಲ್ಲ. ಅದಕ್ಕೆ ಒಬ್ಬರು ಕೈಯಲ್ಲಿ ಜಿಪಿಎಸ್ ಹಿಡಿದು, ಊರವರೊಬ್ಬರನ್ನು ಜೊತೆಗೆ ಕರೆದುಕೊಂಡು, ದಂಡೆಯುದ್ದಕ್ಕೂ ನಡೆದು ಕೇಳಿ ಬರೆದುಕೊಳ್ಳಬೇಕು.